ಪೇಟಿ ಬಾರಿನ ಪಂಚನಾಮೆ

ಇದನ್ನು ಹೇಳುವುದನ್ನು ನಾನು ಹನ್ನೊಂದು ವರ್ಷ ಮುಂದೂಡಿದ್ದೇನೆ. ಮೊದಲು ಕೆಲಸದ ಗಡಿಬಿಡಿ ಅಂದೆ. ಆಮೇಲೆ ಕಣ್ಣಿನ ಆಪರೇಶನ್ ಆಗಲಿ ಅಂದೆ. ಆಮೇಲೆ ಹಳೇ ಸುದ್ದಿ ಯಾರಿಗೆ ಬೇಕು ಅಂದೆ. ಮೂರೂ ಸುಳ್ಳು. ಹೇಳಿದರೆ ನನ್ನ ಮಾನ ಹೋಗುತ್ತದೆ ಎಂಬುದೊಂದೇ ಖರೆ ಕಾರಣ. ಈಗ ಎಪ್ಪತ್ತೆರಡು ವರ್ಷ. ಈ ಮಾನವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು?

ಬರೆಯಲು ಕೂತದ್ದು ಸಿಟ್ಟಿಗೆ. ನಮ್ಮ ಹಳೆಯ ಮಾಲೀಕರ ಮಗ ಸಿಂದಗಿಯ ಹೊರಗೆ, ಇಂಡಿ ರಸ್ತೆಗೆ, ದೊಡ್ಡದೊಂದು ಬಾರು ತೆರೆದಿದ್ದಾನೆ. ಬಣ್ಣದ ದೀಪ, ಮೆತ್ತನೆಯ ಕುರ್ಚಿ, ಶನಿವಾರ ಗಿಟಾರು ಬಾರಿಸಲು ವಿಜಯಪುರದ ಹುಡುಗರು. ಹಣ ಎಣಿಸುವ ಗಲ್ಲೆಯ ಹಿಂದಿನ ಗೋಡೆಗೆ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ಹಾರ್ಮೋನಿಯಂ. ಅದರ ಕೆಳಗೆ ಬರೆಸಿದ್ದಾನೆ: 'ಅಂದಿನ ಪೇಟಿ ಬಾರಿನ ಸವಿನೆನಪು'. ಆರಂಭದ ದಿನ ನನ್ನನ್ನು ಕರೆಸಿ ಶಾಲು ಹೊದಿಸಿದ.

"ಕಾಕಾ, ಆಗಿನ ಮಜಾ ಹೆಂಗಿತ್ತು, ಎರಡು ಮಾತು ಹೇಳ್ರಿ" ಎಂದು ಮೈಕು ಕೈಗೆ ಕೊಟ್ಟ.

ಹೇಳಿದೆ. ಜನ ನಕ್ಕರು, ಚಪ್ಪಾಳೆ ಹೊಡೆದರು. ಮನೆಗೆ ಬಂದು ಆ ಶಾಲನ್ನು ಒಲೆಗೆ ಹಾಕಬೇಕೆಂದು ಎತ್ತಿದೆ. ಹಾಕಲಿಲ್ಲ. ಮಡಚಿ ಕಪಾಟಿನಲ್ಲಿಟ್ಟೆ. ಅಂಥವನು ನಾನು.

ಮೈಕಿನಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ಹಳೆಯ ಬಾರಿನಲ್ಲಿ ನಾನು ಮ್ಯಾನೇಜರ್ ಆಗಿದ್ದೆ. ಸಿಂದಗಿಯ ಹಳೆ ಪೇಟೆಯ ಓಣಿಯೊಂದರಲ್ಲಿ ಅದು ಮೊದಲು ಶೇಂಗಾ ಗೋದಾಮು. ತಗಡಿನ ಮಾಡು, ಕಲ್ಲುಹಾಸಿನ ನೆಲ, ಒಂಬತ್ತು ಮೇಜು. ಹಿಂದೆ ಅಂಗಳ, ಅಂಗಳದಲ್ಲಿ ಬೇವಿನ ಮರ, ಗೋಡೆಗೆ ಹತ್ತಿದಂತೆ ಒಂದು ಕಟ್ಟೆ. ಬೋರ್ಡಿನ ಮೇಲೆ ಬೇರೆ ಹೆಸರಿತ್ತು. ಆದರೆ ಊರಿನವರು ಕರೆಯುತ್ತಿದ್ದುದು ಪೇಟಿ ಬಾರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಗುರುವಾರ ಮತ್ತು ಸಂತೆಯ ದಿನ, ಮಧ್ಯಾಹ್ನ ನಾಲ್ಕರಿಂದ ದೀಪ ಹಚ್ಚುವ ಹೊತ್ತಿನವರೆಗೆ, ಆ ಕಟ್ಟೆಯ ಮೇಲೆ ಪೇಟಿ ನುಡಿಯುತ್ತಿತ್ತು. ನುಡಿಸುತ್ತಿದ್ದವರನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ನಾನೂ ಸದ್ಯ ಹಾಗೆಯೇ ಬರೆಯುತ್ತೇನೆ.

ಆ ಎರಡು ದಿನಗಳ ಕೆಲಸವೇ ಬೇರೆ. ಮೇಜುಗಳನ್ನೆಲ್ಲ ಅಂಗಳಕ್ಕೆ ಸಾಗಿಸಬೇಕು. ಮೂರು ಗಂಟೆಗೆ ನಮ್ಮ ಸಪ್ಲಾಯರ್ ನಿಚ್ಚಣಿಕೆ ಹಾಕಿ, ಕಟ್ಟೆಯ ಮೇಲಕ್ಕೆ ಚಾಚಿದ ತಗಡಿನ ಮೇಲೆ ಎಂಟು ಹತ್ತು ಕೊಡ ನೀರು ಸುರಿಯುತ್ತಿದ್ದ. ತಗಡು ಕಾದರೆ ಪೇಟಿಯ ಸುರವೂ ಡಗ್ಗಾದ ತೊಗಲೂ ಒಂದಕ್ಕೊಂದು ಹೊಂದುವುದಿಲ್ಲ ಎಂದು ಮಾಸ್ತರರು ಹೇಳಿಕೊಟ್ಟಿದ್ದರು. ಉಸಳಿಯ ಪಾತ್ರೆ, ಹುರಿದ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ ಎಲ್ಲ ನಾಲ್ಕರೊಳಗೆ ಮೇಜಿಗೆ ಹೋಗಬೇಕು. ಯಾಕೆಂದರೆ ಪದ ಶುರುವಾದ ಮೇಲೆ ಯಾರೂ ಓಡಾಡುವಂತಿಲ್ಲ. ತಾಟು ಹಿಡಿದ ಸಪ್ಲಾಯರ್ ನಡುವೆ ಸಿಕ್ಕಿಬಿದ್ದರೆ ನಿಂತಲ್ಲೇ ನಿಲ್ಲಬೇಕು. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿಯಾದದ್ದು. ಮೊದಲ ಪದ ಮುಗಿಯುವ ತನಕ ಬಾಟಲಿಯ ಮುಚ್ಚಳ ತೆಗೆಯುವ ಹಾಗಿಲ್ಲ. ಬಾಟಲಿ ಮುಂದಿರುತ್ತದೆ, ಗ್ಲಾಸು ಮುಂದಿರುತ್ತದೆ, ನೀರೂ ಇರುತ್ತದೆ. ಕೈ ಮಾತ್ರ ತೊಡೆಯ ಮೇಲೆ.

ಒಮ್ಮೆ ಸೊಲ್ಲಾಪುರದ ಕಡೆಯ ಲಾರಿ ಡ್ರೈವರ್ ಒಬ್ಬ ಗೊತ್ತಿಲ್ಲದೆ ಮುಚ್ಚಳ ತಿರುವಲು ಹೋದ. ನಾಲ್ಕು ಮೇಜಿನವರು ಒಟ್ಟಿಗೆ ಶ್ ಎಂದರು.

"ಏ ಮ್ಯಾನೇಜರ್, ಇದು ಬಾರೋ ಗುಡಿಯೋ?" ಎಂದು ಅವನು ಕೂಗಿದ.

ಡಗ್ಗಾ ಬಾರಿಸುತ್ತಿದ್ದವನು ಎ.ಪಿ.ಎಂ.ಸಿ. ಯಾರ್ಡಿನ ಹಮಾಲ. ಕೈ ನಿಲ್ಲಿಸದೆ ಅಂದ: "ಎರಡೂ ಅಲ್ಲಪಾ, ಸಾಲಿ ಐತಿ. ಕೈ ಕಟ್ಟಿ ಕುಂದರು, ಇಲ್ಲಂದ್ರ ಬೆಂಚಿನ ಮ್ಯಾಲ ನಿಲ್ಲಸ್ತೇನಿ."

ಆ ಡ್ರೈವರ್ ಆಮೇಲೆ ಸಂತೆಯ ದಿನಕ್ಕೆ ಹೊಂದಿಸಿಕೊಂಡೇ ಸಿಂದಗಿಯ ಲೋಡು ಹಿಡಿಯತೊಡಗಿದ.

ಜನ ಕುಡಿಯಲು ಬರುತ್ತಿದ್ದರು, ಸುಳ್ಳೇಕೆ ಹೇಳಲಿ. ಆದರೆ ಬರೇ ಕುಡಿಯಲು ಇನ್ನೂ ಮೂರು ಬಾರು ಇದ್ದವು. ಇಲ್ಲಿ ಹಮಾಲರು, ಸಿಂಪಿಗರು, ನಿವೃತ್ತ ಸಾಲಿ ಮಾಸ್ತರರು, ಬಂಡಿ ಹೊಡೆಯುವವರು ಒಂದೇ ಬೆಂಚಿನಲ್ಲಿ ಕೂತು, ತತ್ವಪದದ ಒಂದು ಸೊಲ್ಲಿಗೆ ಒಟ್ಟಿಗೆ ತಲೆದೂಗುತ್ತಿದ್ದರು. ಹೆಂಡತಿ ತೀರಿಕೊಂಡವನು ಮೂಲೆಯಲ್ಲಿ ಕೂತು ಅತ್ತರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಾಸ್ತರರು ಮಾತ್ರ ಒಂದು ಚರಣವನ್ನು ಎರಡು ಸಲ ಹೆಚ್ಚಿಗೆ ಎಳೆಯುತ್ತಿದ್ದರು, ಅವನು ಮುಖ ಒರೆಸಿಕೊಳ್ಳುವ ತನಕ. ಇದನ್ನು ಮಜಾ ಎನ್ನುತ್ತಾರಂತೆ. ಆ ಮಾತು ಕೇಳಿದರೆ ಈಗ ಮೈ ಉರಿಯುತ್ತದೆ. ಮೈಕಿನಲ್ಲಿ ನಾನೂ ಅದನ್ನೇ ಅಂದೆನಲ್ಲ, ಅದಕ್ಕೆ ಇನ್ನೂ ಹೆಚ್ಚು.

ಮಾಸ್ತರರು ಮುಸಲ್ಮಾನರು. ಆಗ ಅರವತ್ತರ ಆಚೆ ಈಚೆ. ಪೇಟಿ ರಿಪೇರಿ ಮಾಡುವುದು, ಕಲಿಸುವುದು, ನುಡಿಸುವುದು, ಇಷ್ಟೇ ಅವರ ಬದುಕು. ಸೋಮವಾರ ಭಜನೆಯವರು ಅವರನ್ನು ಕರೆಯುತ್ತಿದ್ದರು. ಮೊಹರಮ್ಮಿಗೆ ರಿವಾಯತ್ ಪದ ಹಾಡುವ ಮೇಳಕ್ಕೆ ಅವರೇ ಮುಂದಾಳು. ಹನಿ ಮದ್ಯ ಮುಟ್ಟಿದವರಲ್ಲ. ನಮ್ಮ ಗ್ಲಾಸಿನಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಮನೆಯಿಂದ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದು ಕಟ್ಟೆಯ ಮೇಲೆ ಬಲಗಡೆ ಇಟ್ಟುಕೊಳ್ಳುತ್ತಿದ್ದರು. ಬಾರಿನಲ್ಲಿ ಹಾಡುವುದಕ್ಕೆ ಮೇಳದ ಹಿರಿಯರು ಮೊದಲು ಒಪ್ಪಿರಲಿಲ್ಲ. ಕೊನೆಗೆ ಒಂದು ಮಾತಿನ ಮೇಲೆ ಬಿಟ್ಟಿದ್ದರು: ಅಲ್ಲಿ ಹಾಡು, ಆದರೆ ಕುಡಿದ ದಿನ ಮೇಳಕ್ಕೆ ಬರಬೇಡ. ಇದನ್ನು ಮಾಸ್ತರರೇ ನನಗೆ ಹೇಳಿದ್ದರು.

"ಮತ್ತ ಯಾಕ್ರಿ ಈ ಉಸಾಬರಿ? ಗುಡಿ ಇಲ್ಲೇನು, ದರ್ಗಾ ಇಲ್ಲೇನು?" ಎಂದು ನಾನು ಕೇಳಿದ್ದೆ.

"ಅಲ್ಲಿ ಹಾಡಿದ್ರ ದೇವ್ರು ಕೇಳ್ತಾನ್ರಿ ಮ್ಯಾನೇಜರ್. ಅವಗ ಎಲ್ಲಾ ಮೊದಲ ಗೊತ್ತೈತಿ. ಇಲ್ಲಿ ಕುಂತವ್ರಿಗೆ ಗೊತ್ತಿಲ್ಲ" ಎಂದು ನಕ್ಕರು.

ಅವರು ಆ ಬಾರಿನೊಳಗೆ ಕಾಲಿಡುತ್ತಿದ್ದುದೇ ಆ ಒಂದು ಮಾತಿನ ಬಲದ ಮೇಲೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಯಾರೂ ನನ್ನನ್ನು ಪಾರು ಮಾಡಬಾರದು.

ಒಂದು ಬೇಸಿಗೆಯಲ್ಲಿ ಮಾಲೀಕರು ನನ್ನ ಕೈಗೆ ಅರ್ಜಿಯ ಫಾರಂ ಕೊಟ್ಟರು. ಬಾರಿನಲ್ಲಿ ಹಾಡು ನಡೆಸಲು ಬೇರೆಯೇ ಪರವಾನಗಿ ಬೇಕು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಇನ್ನು ಕೇಳಬಹುದು.

"ತುಂಬಿ ಕೊಟ್ಟು ಬಾ. ಮರೀಬ್ಯಾಡ" ಎಂದರು.

ಕಟ್ಟಡದ ನಕ್ಷೆ, ಅಕ್ಕಪಕ್ಕದ ಇಬ್ಬರ ತಕರಾರಿಲ್ಲದ ಪತ್ರ, ಹಾಡುವವರ ಎರಡು ಫೋಟೋ. ಇಷ್ಟು ಬೇಕಿತ್ತು. ಮಾಸ್ತರರಿಗೆ ಹೇಳಿದ ಮರುದಿನವೇ ಅವರು ಸ್ಟುಡಿಯೋಕ್ಕೆ ಹೋಗಿ, ಯಾರದೋ ಕೋಟು ತೊಟ್ಟು ಫೋಟೋ ತೆಗೆಸಿಕೊಂಡು ಬಂದರು. ಅರ್ಜಿಯೊಳಗೆ ತಪ್ಪಿಹೋದರೆ ಗುರುತು ಸಿಗಲಿ ಎಂದು ಎರಡರ ಬೆನ್ನಿಗೂ ತಮ್ಮ ಹೆಸರು ಬರೆದಿದ್ದರು. ಪರವಾನಗಿ ಕಾಗದದಲ್ಲಿ ತಮ್ಮ ಹೆಸರು ಬರುತ್ತದೆ ಎಂದು ಅವರಿಗೆ ಎಷ್ಟು ಖುಷಿ! ನಾನು ಫೋಟೋಗಳನ್ನು ಫಾರಂಗೆ ಟಾಚಣಿ ಚುಚ್ಚಿ ಗಲ್ಲೆಯ ಡ್ರಾವರಿನಲ್ಲಿಟ್ಟೆ.

ಅಲ್ಲೇ ಉಳಿಯಿತು. ಸೋಮವಾರ ಹೋಗೋಣ ಅಂದೆ, ಸೋಮವಾರ ಸರಕು ಬಂತು. ಅಮಾವಾಸ್ಯೆ ಮುಗಿಯಲಿ ಅಂದೆ. ನಕ್ಷೆ ಬರೆಯುವವನು ಊರಲ್ಲಿಲ್ಲ ಅಂದೆ, ಅವನು ಊರಲ್ಲೇ ಇದ್ದ. ಮೂರು ತಿಂಗಳಾದ ಮೇಲೆ ಮಾಲೀಕರು ಕೇಳಿದರೆ "ಕೊಟ್ಟೇನ್ರಿ" ಅಂದೆ. ಮಾಸ್ತರರು ಕೇಳಿದರೆ "ಹೋತ್ರಿ, ಬರ್ತೈತಿ" ಅಂದೆ. ದಿನಾ ಹತ್ತು ಸಲ ಆ ಡ್ರಾವರ್ ತೆಗೆಯುತ್ತಿದ್ದೆ, ದಿನಾ ಹತ್ತು ಸಲ ಅವರ ಮುಖ ನೋಡಿ ಮುಚ್ಚುತ್ತಿದ್ದೆ. ಅರ್ಧ ದಿನದ ಕೆಲಸ ಅದು. ಅರ್ಧ ದಿನ!

ದಸರೆಯ ಮುಂದಿನ ಒಂದು ಸಂತೆಯ ದಿನ, ಐದು ಗಂಟೆಯ ಸುಮಾರಿಗೆ, ಅಬಕಾರಿ ಇನ್‌ಸ್ಪೆಕ್ಟರ್ ಬಂದರು. ಯಾರೋ ತಕರಾರು ಅರ್ಜಿ ಹಾಕಿದ್ದರಂತೆ. ಮಾಲೀಕರು ಸೊಲ್ಲಾಪುರಕ್ಕೆ ಹೋಗಿದ್ದರು. ಅಂಗಳದಲ್ಲಿ ಪದ ನಡೆದಿತ್ತು, ಸಪ್ಲಾಯರ್ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಇನ್‌ಸ್ಪೆಕ್ಟರರಿಗೂ ನಮ್ಮ ಕಟ್ಟಳೆ ಯಾರೋ ಹೇಳಿರಬೇಕು, ಇಲ್ಲವೆ ಪದವೇ ಹಿಡಿದು ನಿಲ್ಲಿಸಿರಬೇಕು. ಅವರೂ ಸಪ್ಲಾಯರನ ಪಕ್ಕ ನಿಂತರು. ಕೊನೆಯ ಸೊಲ್ಲು ಮುಗಿದ ಮೇಲೆಯೇ ನನ್ನ ಕಡೆ ತಿರುಗಿದರು.

"ಛಲೋ ಹಾಡ್ತಾರ. ಪರವಾನಗಿ ತೋರಿಸ್ರಿ."

ನಾನು ಡ್ರಾವರ್ ತೆಗೆದೆ. ಮೇಲೆಯೇ ಫಾರಂ. ಕೋಟು ತೊಟ್ಟ ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ಡ್ರಾವರ್ ಮುಚ್ಚಿದೆ.

ಆಗ ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ಪರವಾನಗಿ ಇಲ್ಲದೆ ಹಾಡು ನಡೆಸಿದ್ದು ಎಂದಾದರೆ ಬಾರಿಗೆ ಬೀಗ. ಮಾಲೀಕರು ಅರ್ಜಿ ಎಲ್ಲಿ ಎಂದು ಕೇಳುತ್ತಾರೆ. ನನ್ನ ಸುಳ್ಳು ಬಯಲಾಗುತ್ತದೆ, ಕೆಲಸ ಹೋಗುತ್ತದೆ. ಯಾವನೋ ಗಿರಾಕಿ ತನ್ನಷ್ಟಕ್ಕೆ ಹಾಡಿದ್ದು ಎಂದಾದರೆ ಒಂದು ಎಚ್ಚರಿಕೆಯ ನೋಟಿಸಿನಲ್ಲಿ ಮುಗಿಯುತ್ತದೆ.

"ನಾವು ಹಾಡು ನಡಸಂಗಿಲ್ರಿ ಸಾಹೇಬ್ರ" ಅಂದೆ.

"ಮತ್ತ ಆ ಪೇಟಿ?"

"ಗಿರಾಕಿದ್ರಿ. ಕುಡದಾನ, ಹಾಡಾಕತ್ತಾನ."

ಹದಿನಾಲ್ಕು ವರ್ಷ ಬಹುವಚನ ಬಿಟ್ಟು ಮಾತಾಡಿಸದವರನ್ನು ಆ ಒಂದು ಉಸಿರಿನಲ್ಲಿ ಕೆಳಗಿಳಿಸಿದೆ.

ಇನ್‌ಸ್ಪೆಕ್ಟರ್ ಅಂಗಳದ ಕಡೆ ಹೊರಟರು. ನಾನು ಅವರಿಗಿಂತ ಮುಂದೆ ಹೋದೆ. ಕಟ್ಟೆಯ ಮೇಲೆ ತಂಬಿಗೆ ಇತ್ತು. ಅದರಲ್ಲಿ ಏನಿದೆ ಎಂದು ಮೂಸಿ ನೋಡಿದರೆ ಮುಗಿಯಿತು, ಕುಡುಕ ಮನೆಯಿಂದ ನೀರು ತರುತ್ತಾನೆಯೇ? ಕೈಯಿಂದ ಎತ್ತಿದರೆ ಕಾಣುತ್ತದೆ. ನಾನು ಕಟ್ಟೆಗೆ ಒರಗಿದಂತೆ ಮಾಡಿ, ಬೆನ್ನ ಹಿಂದೆ ಕೈ ಚಾಚಿ ಅಂಚಿನಿಂದ ಕೆಳಗಿಳಿಸಿ, ಕಾಲಿನಿಂದ ಕಟ್ಟೆಯ ಕೆಳಗಿನ ಗೂಡಿಗೆ ನೂಕಿದೆ. ಒಬ್ಬ ಮನುಷ್ಯ ಬಾಯಿಗಿಡುವ ತಂಬಿಗೆ. ಮಾಸ್ತರರು ನನ್ನ ಕಾಲನ್ನು ನೋಡುತ್ತಿದ್ದರು.

ಎದುರಿನ ಸಿಂಪಿಗನನ್ನೂ ಪಂಕ್ಚರ್ ಅಂಗಡಿಯವನನ್ನೂ ಸಾಕ್ಷಿಗೆ ಪಂಚರೆಂದು ಕರೆಸಿದರು. ಗುಮಾಸ್ತ ನನ್ನ ಹೇಳಿಕೆ ಕೇಳಿ ಬರೆದುಕೊಂಡ. ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಅದು ಪದ್ಧತಿ. ಓದಿದ: ಸದರಿ ಇಸಮನು ಮದ್ಯ ಸೇವಿಸಿ, ಅಮಲಿನಲ್ಲಿ, ತನ್ನ ಜೊತೆಗೆ ತಂದಿದ್ದ ಪೇಟಿಯನ್ನು ಬಾರಿಸುತ್ತ, ಮ್ಯಾನೇಜರರು ಬೇಡವೆಂದರೂ ಕೇಳದೆ ಹಾಡುತ್ತಿದ್ದನು.

ಡಗ್ಗಾದ ಹಮಾಲ ಎದ್ದು ನಿಂತ. "ಸಾಹೇಬ್ರ, ಮಾಸ್ತರ ಹನಿ ಮುಟ್ಟಂಗಿಲ್ರಿ..."

"ನೀ ಕುಡದೀಯೇನಪಾ?" ಎಂದರು ಇನ್‌ಸ್ಪೆಕ್ಟರ್.

"ಒಂದ ಕ್ವಾರ್ಟರ್ ಆಗೇತ್ರಿ."

"ಕುಂದರು ಹಂಗಾರ." ಆಮೇಲೆ ಮಾಸ್ತರರ ಕಡೆ ತಿರುಗಿ ಮೆತ್ತಗೆ ಕೇಳಿದರು, "ನೀವು ಹೇಳ್ರಿ. ಖರೇನೋ ಸುಳ್ಳೋ?"

ಇನ್‌ಸ್ಪೆಕ್ಟರ್ ತಮ್ಮ ಕೆಲಸ ಸರಿಯಾಗಿಯೇ ಮಾಡಿದರು. ಬಾಗಿಲು ತೆರೆದೇ ಇತ್ತು. ಮಾಸ್ತರರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ನಾನೇ ಹೇಳಲಿ ಎಂದು ಕಾದರು ಅಂತ ಈಗ ಅನಿಸುತ್ತದೆ. ನಾನು ಬೇವಿನ ಮರ ನೋಡುತ್ತಿದ್ದೆ.

"ಮ್ಯಾನೇಜರ್ ಹೇಳಿದ್ದು ಬರಕೊಂಡೀರಲ್ರಿ. ಅದ ಇರ್ಲಿ" ಎಂದು ಸಹಿ ಮಾಡಿದರು. ಎದ್ದು ಹೊರಟರು. ಪೇಟಿ ಕಟ್ಟೆಯ ಮೇಲೆಯೇ ಉಳಿಯಿತು.

ಬಾರು ಉಳಿಯಿತು. ನನ್ನ ಕೆಲಸವೂ ಉಳಿಯಿತು.

ಆ ಅಂಗಳದಲ್ಲಿ ನಲವತ್ತು ಜನ ಇದ್ದರು. ಎಲ್ಲರಿಗೂ ಖರೆ ಗೊತ್ತಿತ್ತು. ಆದರೆ ಎಲ್ಲರೂ ಕುಡಿದವರು. ಅವರು ಹೊರಗೆ ಹೋಗಿ ಎಷ್ಟು ಹೇಳಿದರೂ ಕೇಳುವವರು ನಕ್ಕರು. ಕುಡಿಯದಿದ್ದವರಲ್ಲಿ ಇಬ್ಬರು ಪಂಚರು, ಅವರು ಕೇಳಿದ್ದು ಗುಮಾಸ್ತ ಓದಿದ್ದನ್ನು. ಸಪ್ಲಾಯರ್ ನನ್ನ ಕೈಕೆಳಗಿನವನು, ಬಾಯಿ ಬಿಡುವಂತಿರಲಿಲ್ಲ. ಕುಡಿಯದಿದ್ದ ಇನ್ನೊಬ್ಬ ನಾನು. ಸಂತೆ ಮುಗಿಯುವುದರೊಳಗೆ ಸುದ್ದಿ ಊರು ತುಂಬಿತು: ಮಾಸ್ತರ ಕುಡಿದಿದ್ದ, ತಾನೇ ಸಹಿ ಮಾಡಿಕೊಟ್ಟ.

ನಾಲ್ಕು ದಿನಕ್ಕೆ ಮೇಳದ ಹಿರಿಯರೊಬ್ಬರು ಬಂದರು. ಎಂಬತ್ತರ ಹತ್ತಿರದವರು, ಕೋಲು ಊರಿಕೊಂಡು ಬಾಗಿಲ ಹೊರಗೇ ನಿಂತರು. ನಾನು ಹೋಗಿ ಕೈ ಮುಗಿದೆ.

"ಒಳಗ ಬರಂಗಿಲ್ರಿ ನಾ. ಒಂದ ಮಾತು ಕೇಳಿ ಹೋಗ್ತೇನಿ."

"ಕೇಳ್ರಿ ಚಾಚಾ."

"ಅಂವ ಕುಡದಿದ್ನೇನು?"

"ಪಂಚನಾಮೆದಾಗ ಬರದೈತಲ್ರಿ."

"ಕಾಗದ ಓದಾಕ ನನಗೂ ಬರ್ತೈತಿ. ಅದಕ್ಕ ಇಲ್ಲಿತನಕಾ ಬರಬೇಕಾಗಿರ್ಲಿಲ್ಲ. ನಿಮ್ಮನ್ನ ಕೇಳಾಕ ಬಂದೇನಿ. ಹೂಂ ಅನ್ರಿ, ಇಲ್ಲಾ ಅನ್ರಿ. ನೀವು ಅಂದದ್ದನ್ನ ಹಿಡಕೊಂಡು ಹೋಗ್ತೇನಿ."

ಅಲ್ಲಿ ಇನ್‌ಸ್ಪೆಕ್ಟರ್ ಇರಲಿಲ್ಲ, ಮಾಲೀಕರು ಇರಲಿಲ್ಲ. ಆ ಮುದುಕರು ಕಚೇರಿಗೆ ಹೋಗಿ ಹೇಳುವವರೂ ಅಲ್ಲ. ಮೊದಲ ಸುಳ್ಳಿಗೆ ಹೆದರಿಕೆ ಇತ್ತು ಅನ್ನಬಹುದು. ಇದಕ್ಕೆ ಏನಿತ್ತು? ನನ್ನ ಸಣ್ಣತನ ಒಬ್ಬರಿಗೂ ಗೊತ್ತಾಗಬಾರದು ಎಂಬುದಷ್ಟೇ.

"ಹೂಂ ರೀ" ಅಂದೆ.

ಅವರು ತಲೆ ಅಲ್ಲಾಡಿಸಿ, ಬಂದಷ್ಟೇ ನಿಧಾನವಾಗಿ ಹೋದರು. ಆ ವರ್ಷದ ಮೊಹರಮ್ಮಿಗೆ ಮೇಳದ ಮುಂದೆ ಬೇರೆಯವರು ನಿಂತರು. ನಾನು ಮೂಲೆಯಲ್ಲಿ ನಿಂತು ಕೇಳಿದೆ. ಮಾಸ್ತರರು ಯಾವಾಗಲೂ ಮುದುಕರ ದನಿಗೆ ಹೊಂದುವಂತೆ ತಗ್ಗಿನ ಸುರ ಹಿಡಿಯುತ್ತಿದ್ದರು. ಇವರು ಏರು ಸುರದಲ್ಲಿ ಎತ್ತಿಕೊಂಡರು, ಮೂರನೆಯ ನುಡಿಗೆ ಮುದುಕರ ದನಿಗಳು ಒಂದೊಂದಾಗಿ ಬಿದ್ದುಹೋದವು. ಹುಡುಗರು ನಾಲ್ವರೇ ಮುಗಿಸಿದರು. ಭಜನೆಯವರೂ ಸೋಮವಾರಕ್ಕೆ ಕರೆಯುವುದನ್ನು ಬಿಟ್ಟರು.

ಇಲ್ಲಿ ಪೇಟಿಯ ವಿಷಯ ಹೇಳಬೇಕು. ಒಂದು ವಾರ ಕಾದು ಸಪ್ಲಾಯರನ ಹೆಗಲಿಗೆ ಹೊರಿಸಿ ಮಾಸ್ತರರ ಮನೆಗೆ ಕಳಿಸಿದೆ. ಅರ್ಧ ತಾಸಿಗೆ ಅವನು ಪೇಟಿ ಹೊತ್ತುಕೊಂಡೇ ವಾಪಸು ಬಂದ.

"ತಗೊಳ್ಳಿಲ್ರಿ. 'ಮ್ಯಾನೇಜರ್ ತರ್ಲಿ' ಅಂದ್ರು."

"ಸಿಟ್ಟಿಲೆ ಅಂದ್ರೇನು?"

"ಇಲ್ರಿ. ಸಿಟ್ಟಿಲೆ ಅಂದಿದ್ರ ಛಲೋ ಇತ್ತು. ಸುಮ್ನ ಅಂದ್ರು. ನನಗ ಚಾ ಕುಡಿಸಿ ಕಳಿಸಿದ್ರು."

ಎರಡು ಓಣಿ ದಾಟಿದರೆ ಅವರ ಮನೆ. ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ. ಪೇಟಿ ಅವರ ಅನ್ನ. ಆ ಅನ್ನವನ್ನು ಪಕ್ಕಕ್ಕಿಟ್ಟು ನಾನು ಬರಲಿ ಎಂದು ಕಾದರು. ನಾನು ಸೋಮವಾರ ಅಂದೆ. ಗುರುವಾರ ಅಂದೆ. ಕೊನೆಗೆ ಗೋಣಿಚೀಲ ಸುತ್ತಿ ಗೋದಾಮಿನಲ್ಲಿ ಖಾಲಿ ಬಾಟಲಿಗಳ ಹಿಂದೆ ಇಟ್ಟೆ, ಕಣ್ಣಿಗೆ ಬೀಳದ ಹಾಗೆ. ತಂಬಿಗೆಯನ್ನು ಸಪ್ಲಾಯರ್ ತೊಳೆದು ಅವರಿಗೆ ಮುಟ್ಟಿಸಿದ. ಅದನ್ನು ಅವರು ತೆಗೆದುಕೊಂಡರಂತೆ.

ಬಾರಿಗೆ ಟಿ.ವಿ. ಬಂತು. ಕಟ್ಟೆ ಒಡೆದು ಅಲ್ಲಿ ಎರಡು ಮೇಜು ಹಾಕಿದರು.

"ಛಲೋ ಆತ ಬಿಡೋ. ಪದಾ ಕೇಳ್ಕೋತ ಒಂದ ಕ್ವಾರ್ಟರ್ ಹಿಡದು ಮೂರು ತಾಸು ಕೂಡ್ತಿದ್ರು. ಈಗ ನೋಡು, ಲಗೂನ ಕುಡೀತಾರ, ಲಗೂನ ಏಳ್ತಾರ" ಎಂದು ಮಾಲೀಕರು ನನ್ನ ಬೆನ್ನು ತಟ್ಟಿದರು.

ಏಳುವಾಗ ಬಡಿದಾಡಿಯೇ ಏಳುತ್ತಿದ್ದರು. ಮೊದಲು ತಿಂಗಳಿಗೆ ಒಂದು ಗ್ಲಾಸು ಒಡೆಯುತ್ತಿದ್ದರೆ ಹೆಚ್ಚು, ಈಗ ದಿನಾ ಬುಟ್ಟಿಗಟ್ಟಲೆ ಚೂರು ಗುಡಿಸಿದೆವು. ಹೆಂಡತಿ ಸತ್ತವನು ಬರುವುದನ್ನು ಬಿಟ್ಟ. ಹಮಾಲ ನನ್ನನ್ನು ಕಂಡರೆ ರಸ್ತೆಯ ಆಚೆ ಹೋಗಿ ಉಗುಳುತ್ತಿದ್ದ. ಸರಿಯಾಗಿಯೇ ಮಾಡಿದ.

ಎರಡು ವರ್ಷಕ್ಕೆ ಮಾಸ್ತರರು ಮನೆಗೆ ಬೀಗ ಹಾಕಿ ಮುದ್ದೇಬಿಹಾಳಕ್ಕೆ ಮಗಳ ಮನೆಗೆ ಹೋದರೆಂದು ಕೇಳಿದೆ. ಇನ್ನು ದೂರವಾಯಿತು ಎಂದು ನನಗೆ ಹಗುರವಾಯಿತು. ಇದನ್ನೂ ಬರೆಯಬೇಕು, ಬರೆದಿದ್ದೇನೆ. ಆಮೇಲೆ ನಾನು ಕೆಲಸ ಬಿಟ್ಟೆ, ಹಳೆಯ ಬಾರು ಮುಚ್ಚಿತು, ಮಾಲೀಕರು ತೀರಿಕೊಂಡರು. ಗೋದಾಮು ಖಾಲಿ ಮಾಡುವಾಗ ಮಗನ ಕೈಗೆ ಗೋಣಿಚೀಲ ಸಿಕ್ಕಿತು. ಗಾಜಿನ ಪೆಟ್ಟಿಗೆ ಸೇರಿತು.

ಶಾಲು ಹೊದಿಸಿಕೊಂಡು ಬಂದ ಮೂರನೆಯ ದಿನ ಮುಂಜಾನೆ ಹೊಸ ಬಾರಿಗೆ ಹೋದೆ. ಮಾಲೀಕರ ಮಗ ಕುರ್ಚಿ ಹಾಕಿಸಿದ.

"ಆ ಪೇಟಿ ನನಗ ಬೇಕಪಾ."

"ಕಾಕಾ, ಎಲ್ಲಾರೂ ಅದರ ಮುಂದ ನಿಂತು ಫೋಟೋ ಹೊಡಕೋತಾರ. ಅದ ನಮ್ಮ ಬಾರಿನ ಗುರ್ತು."

"ಅದು ನಿಮ್ಮದಲ್ಲ. ಮಾಸ್ತರದು. ಕೊಡಬೇಕಾಗಿತ್ತು, ನಾ ಕೊಡ್ಲಿಲ್ಲ."

ಅವನು ನಕ್ಕು, ಗಾಜು ತೆಗೆಸಿದ. "ಒಯ್ರಿ ಕಾಕಾ. ಹಳೇದು ಯಾವುದರ ಒಂದು ತಂದು ತೂಗಹಾಕಿದ್ರಾತು. ನೋಡವ್ರಿಗೆ ಏನ್ ಗೊತ್ತಾಗ್ತೈತಿ?"

ಇಷ್ಟು ಸುಲಭವಾಗಿ ಕೊಟ್ಟನಲ್ಲ, ಅದಕ್ಕೇ ನನಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಹೊಡೆಯುವ ಯೋಗ್ಯತೆ ನನ್ನ ಕೈಗೆ ಇರಲಿಲ್ಲ. ಆ ಬಾರಿನಲ್ಲಿ ಪೇಟಿಯನ್ನು ಮೊದಲು ಆಟಿಕೆ ಮಾಡಿದವನು ಅವನಲ್ಲ.

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಹೋದೆ. ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

"ಯಜಮಾನ್ರ, ಪೆಟ್ಟಿಗಿ ಮ್ಯಾಲ ಇಡ್ರಿ" ಎಂದ ಕಂಡಕ್ಟರ್. ನಾನು ಒಲ್ಲೆ ಅಂದೆ. ತಿದಿಯ ಕೊಂಡಿ ಹೋಗಿತ್ತು, ಸುರದ ಒಂದು ಮನೆ ಒತ್ತಿಕೊಂಡೇ ಉಳಿದಿತ್ತು. ರಸ್ತೆಯ ಉಬ್ಬು ಬಂದಾಗಲೆಲ್ಲ ಪೇಟಿ ತಾನೇ ಉಸಿರು ಬಿಟ್ಟು ಒಂದು ಸುರ ನುಡಿಯುತ್ತಿತ್ತು. ಬಸ್ಸಿನವರೆಲ್ಲ ತಿರುಗಿ ನನ್ನನ್ನು ನೋಡುತ್ತಿದ್ದರು.

ಮನೆ ಹುಡುಕಿಕೊಂಡು ಹೋದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಣ್ಣುಮಗಳು ಎದ್ದು ಬಂದಳು. ಮೂಗು, ಹಣೆ, ಎಲ್ಲ ಅವರದೇ. ಪೇಟಿ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮಾಸ್ತರ ಅದಾರೇನವ್ವಾ?"

"ಅಬ್ಬಾ ಹೋಗಿ ನಾಕು ವರ್ಷ ಆತ್ರಿ." ಪೇಟಿಯ ಕಡೆ ಕೈ ಮಾಡಿದಳು. "ನೀವು ಮ್ಯಾನೇಜರ್ ಏನ್ರಿ? ಅಬ್ಬಾ ಹೇಳ್ತಿದ್ರು, ಮ್ಯಾನೇಜರ್ ತರ್ತಾರ, ನಾ ಇರ್ಲಿ ಇಲ್ಲದಿರ್ಲಿ, ಬಂದಾಗ ಚಾ ಕುಡಿಸಿ ಕಳಿಸ್ರಿ ಅಂತ."

ಎರಡು ಬಸ್ಸು ಹತ್ತಿ ಬಂದದ್ದು ಈ ಪ್ರಶ್ನೆಗೆ ಹೂಂ ಅನ್ನುವುದಕ್ಕೇ. ಮೇಳದ ಹಿರಿಯರ ಮುಂದೆ ಇಲ್ಲ ಅನ್ನಬೇಕಾದಲ್ಲಿ ಹೂಂ ಅಂದಿದ್ದ ಬಾಯಿ ಇಲ್ಲಿ ಅಂದದ್ದು:

"ಅಲ್ಲವ್ವಾ. ಅವ್ರು ಕಳಿಸ್ಯಾರ. ನಾ ಬರೇ ತಂದವ."

ಅವಳು ನನ್ನ ಮುಖ ನೋಡಿದಳು. ಗೊತ್ತಾಗಿರಬೇಕು, ಅವರ ಮಗಳಲ್ಲವೇ. ಒಳಗೆ ಹೋಗಿ ನೀರು ತಂದುಕೊಟ್ಟಳು. ಅದೇ ಹಿತ್ತಾಳೆಯ ತಂಬಿಗೆ. ನಾನು ಕುಡಿಯುವ ತನಕ ನಿಂತಿದ್ದು, ಆಮೇಲೆ ಮೆತ್ತಗೆ ಅಂದಳು:

"ತಪ್ಪ ತಿಳೀಬ್ಯಾಡ್ರಿ. ಮ್ಯಾನೇಜರ್ ಕೈಲೆ ಬಂದ್ರಷ್ಟ ತಗೋ ಅಂತ ಅಬ್ಬಾ ಹೇಳ್ಯಾರ. ವಾಪಸ್ ಒಯ್ರಿ. ಅವ್ರು ಬರ್ಲಿ."

ಒಯ್ದೆ. ಅದೇ ರಸ್ತೆ, ಅದೇ ಉಬ್ಬುಗಳು, ಅದೇ ಒಂದು ಸುರ.

ಪೇಟಿ ಈಗ ನನ್ನ ಮಂಚದ ಮೇಲಿದೆ, ನಾನು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಇದನ್ನು ಓದಿದವರು ನಮ್ಮೂರಿನಲ್ಲಿ ಇದ್ದರೆ ಮೇಳದವರಿಗೂ ಭಜನೆಯವರಿಗೂ ಗಟ್ಟಿಯಾಗಿ ಓದಿ ಹೇಳಬೇಕು, ಆ ದಿನ ಗುಮಾಸ್ತ ಓದಿದ ಹಾಗೆ. ಮ್ಯಾನೇಜರನಾಗಿದ್ದ ನಾನು ಹೇಳಿ ಬರೆಸಿದ ಪಂಚನಾಮೆ ಸುಳ್ಳು. ಸದರಿ ಇಸಮನು ಕುಡಿದಿರಲಿಲ್ಲ. ಅಂದು ಮಾತ್ರವಲ್ಲ, ಎಂದೂ. ತಂಬಿಗೆಯಲ್ಲಿ ನೀರಿತ್ತು. ಪರವಾನಗಿ ಇಲ್ಲದ್ದು ನನ್ನ ತಪ್ಪು. ಮುದ್ದೇಬಿಹಾಳದ ಬಾಗಿಲಲ್ಲಿ ನಿಂತು ನಾನಲ್ಲ ಅಂದವನೂ ನಾನೇ. ಈ ಕಾಗದವನ್ನು ಪೇಟಿಯ ಜೊತೆಗೆ ಆ ಹೆಣ್ಣುಮಗಳ ಕೈಗೆ ಕೊಡಬೇಕು. ಸೋಮವಾರ ಎಂದು ಬರೆಯುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದೇನೆ.

ಡ್ರಾವರಿನಲ್ಲಿದ್ದ ಆ ಎರಡು ಫೋಟೋಗಳನ್ನು ಕೆಲಸ ಬಿಡುವಾಗ ನಾನು ಮನೆಗೆ ತಂದಿದ್ದೆ. ಟಾಚಣಿ ತುಕ್ಕು ಹಿಡಿದು ಕೋಟಿನ ಮೇಲೆ ಕಲೆಯಾಗಿದೆ. ಈ ಕ್ಷಣದವರೆಗೆ ಅವರ ಹೆಸರು ಬರೆಯಲು ನನ್ನ ಕೈ ಬರಲಿಲ್ಲ. ಫೋಟೋದ ಬೆನ್ನಿಗೆ, ಗುರುತು ತಪ್ಪಬಾರದೆಂದು, ಅವರೇ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಅದನ್ನು ನೋಡಿಕೊಂಡು ಇಲ್ಲಿ ಇಳಿಸುತ್ತೇನೆ:

ರಾಜೇಸಾಬ, ತಂದೆ ಮದಾರಸಾಬ. ಪೇಟಿ ನುಡಿಸುವವರು. ಸಿಂದಗಿ.